ಓದುಗರ ಪ್ರಶ್ನೆ, ನಮ್ಮ ಉತ್ತರ: ಮುತ್ಯಾನ ಮುತ್ಯಾ ಯಾರು, ಈ ಅಡ್ಡಹೆಸರು ಎಲ್ಲಿಂದ ಬಂತು?

ಹಿರೀಕರ ಬಗ್ಗೆ, ಅಡ್ಡಹೆಸರಿನ ಬಗ್ಗೆ ಪತ್ರಗಳು ಜಾಸ್ತಿ ಬಂದಿದ್ದರಿಂದ ಈ ಸಂಚಿಕೆಯ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಬರೆದವರ ಹೆಸರು ಹಾಕಿಲ್ಲ, ಉದ್ದದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಸುರಪುರ ತಾಲ್ಲೂಕಿನ ಒಂದು ಹಳ್ಳಿ, ಈಗ ಕಲಬುರಗಿಯಲ್ಲಿ ಇದ್ದೇವೆ. ಅಡ್ಡಹೆಸರು ಜಮಾದಾರ. 1926ರಲ್ಲಿ ಹುಟ್ಟಿದ ನಮ್ಮ ಮುತ್ಯಾ (ಅಜ್ಜ) ಹೇಳುತ್ತಿದ್ದರು, ಅವರ ಮುತ್ಯಾ ಸುರಪುರದ ರಾಜರ ಫೌಜಿನಲ್ಲಿ ಜಮಾದಾರ ಆಗಿದ್ದ, 1858ರಲ್ಲಿ ಇಂಗ್ಲಿಷರ ಜೊತೆ ಹೊಡೆದಾಡಿದ, ಅದಕ್ಕೇ ನಮಗೆ ಈ ಹೆಸರು ಅಂತ. ಫೋನಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ನಿಮ್ಮ ಮುತ್ಯಾನ ಮುತ್ಯಾ ಹುಟ್ಟಿದ್ದು 1866ರಿಂದ 1876ರ ನಡುವೆ. 1858ರಲ್ಲಿ ಆತ ಭೂಮಿಗೇ ಬಂದಿರಲಿಲ್ಲ. ತುಂಬಾ ತಡವಾಗಿ ಮಕ್ಕಳಾದವು ಅಂದುಕೊಂಡರೂ ತೊಟ್ಟಿಲಲ್ಲಿ ಇರಬೇಕು, ಕೈಯಲ್ಲಿ ಕತ್ತಿ ಹಿಡಿಯುವ ವಯಸ್ಸಂತೂ ಅಲ್ಲ. ಹಾಗಂತ ನಿಮ್ಮ ಮುತ್ಯಾ ಸುಳ್ಳು ಹೇಳಿದರು ಅಂತಲ್ಲ. ನಮ್ಮ ಕಡೆ ಮೊಮ್ಮಗನಿಗೆ ಮುತ್ಯಾನ ಹೆಸರು ಇಡುತ್ತಾರೆ. ಭೀಮಪ್ಪನ ಮಗ ಮಲ್ಲಪ್ಪ, ಅವನ ಮಗ ಮತ್ತೆ ಭೀಮಪ್ಪ. ನೂರು ವರ್ಷ ಕಳೆದ ಮೇಲೆ ಹೇಳುವವರ ಬಾಯಲ್ಲಿ ಈ ಇಬ್ಬರು ಭೀಮಪ್ಪರು ಒಬ್ಬನೇ ಆಗಿಬಿಡುತ್ತಾರೆ, ನಡುವಿನ ಮಲ್ಲಪ್ಪ ಕಾಣೆಯಾಗುತ್ತಾನೆ. ನಿಮ್ಮ ಮನೆಯಲ್ಲೂ ಒಂದು ಇಲ್ಲವೇ ಎರಡು ತಲೆಮಾರು ಹೀಗೇ ಬಿಟ್ಟುಹೋಗಿರಬೇಕು. ಹುಡುಕಬೇಕಾದ ಮನುಷ್ಯ 1830ರ ಸುಮಾರಿಗೆ ಹುಟ್ಟಿದವನು, ಇದು ತಲೆಯಲ್ಲಿರಲಿ.

ಇನ್ನು ಜಮಾದಾರ ಅನ್ನುವ ಹೆಸರು. ಇದು ಹುದ್ದೆಯ ಹೆಸರು, ಆದರೆ ಯಾರ ಕೈಕೆಳಗಿನ ಹುದ್ದೆ ಅನ್ನುವುದೇ ಇಲ್ಲಿ ಗೊಂದಲ. ಸಂಸ್ಥಾನದ ಸಣ್ಣ ಪಡೆಯ ಮುಖ್ಯಸ್ಥನೂ ಜಮಾದಾರನೇ, ನಿಜಾಮರ ಪೊಲೀಸಿನಲ್ಲಿ ನಾಲ್ಕು ಜವಾನರ ಮೇಲಿದ್ದವನೂ ಜಮಾದಾರನೇ, ಕಚೇರಿಯಲ್ಲಿ ಚಪರಾಸಿಗಳ ಮೇಲಿದ್ದವನೂ ಜಮಾದಾರನೇ. ಬೇಡರಲ್ಲಿ, ಕಬ್ಬಲಿಗರಲ್ಲಿ, ಮುಸ್ಲಿಮರಲ್ಲಿ, ಲಿಂಗಾಯತರಲ್ಲಿ, ಎಲ್ಲರಲ್ಲೂ ಈ ಅಡ್ಡಹೆಸರಿನವರು ಸಿಗುತ್ತಾರೆ. ನಿಜಾಮರ ದಿವಾನ ಸಾಲಾರ್ ಜಂಗರು 1860ರ ದಶಕದಲ್ಲಿ ಜಿಲ್ಲೆಗಳನ್ನು ಮಾಡಿ ಆಡಳಿತವನ್ನು ಹೊಸದಾಗಿ ಕಟ್ಟಿದಾಗ ಇಂಥ ಹುದ್ದೆಗಳು ಊರೂರಿಗೆ ಬಂದವು. ಹಾಗಾಗಿ ಲಡಾಯಿಗೆ ಹೋದ ಹಿರಿಯನೇ ಬೇರೆ, ಜಮಾದಾರ ಆದವನು ಅವನ ಮಗನೋ ಮೊಮ್ಮಗನೋ ಇರಬಹುದು. ಎರಡೂ ಸಂಗತಿ ನಿಜವಿದ್ದು, ಮನೆಯ ಕಥೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರಬಹುದು. ನನಗಂತೂ ಇದೇ ಹೆಚ್ಚು ಸರಿ ಅನ್ನಿಸುತ್ತದೆ.

ನೀವು ಫೋನಿನಲ್ಲಿ ‘ಜಮಾದಾರ, ಸುರಪುರ’ ಅಂತ ಹುಡುಕಿರುತ್ತೀರಿ, ಅಲ್ವಾ? ಹೆಚ್ಚಿನವರು ಎಡವುವುದೇ ಇಲ್ಲಿ. ಮನೆತನಕ್ಕೆ ಎಲ್ಲಕ್ಕಿಂತ ಕೊನೆಗೆ ಬಂದು ಸೇರಿದ್ದು ಅಡ್ಡಹೆಸರು. ಹತ್ತೊಂಬತ್ತನೆಯ ಶತಮಾನದ ಕಾಗದದಲ್ಲಿ ಅದು ಇರುವುದೇ ಕಮ್ಮಿ. ಅಲ್ಲಿ ಇರುವುದು ‘ಭೀಮಪ್ಪ ವಲ್ದ್ ಮಲ್ಲಪ್ಪ, ಸಾಕಿನ್ ಮೌಜೆ ಇಂಥದ್ದು’ ಅಂತ. ವಲ್ದ್ ಅಂದರೆ ಇಂಥವನ ಮಗ, ಸಾಕಿನ್ ಅಂದರೆ ಅಲ್ಲಿ ಇರುವವನು, ಮೌಜೆ ಅಂದರೆ ಹಳ್ಳಿ. ಮುಂದೆ ಕೌಮ್ ಅಂತ ಜಾತಿ ಬರೆದಿರಬಹುದು. ಜಮಾದಾರ ಅನ್ನುವುದು ಎಷ್ಟೋ ಮನೆಗಳಲ್ಲಿ ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಕೇಳಿ ಬರೆದುಕೊಂಡದ್ದು. ಆದ್ದರಿಂದ ಮೊದಲು ಊರು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಹೊಲ, ಆಮೇಲೆ ತಂದೆ-ಮಗನ ಜೋಡಿ. ಅಡ್ಡಹೆಸರನ್ನು ಕೊನೆಗೆ ನೋಡಿದರಾಯಿತು.

ಕೆಲಸ ಶುರುವಾಗುವುದು ಮನೆಯ ಟ್ರಂಕಿನಿಂದಲೇ. ಹಳೆಯ ರಸೀದಿ, ಲಗ್ನಪತ್ರಿಕೆ, ಹಿಸ್ಸೆ ಪತ್ರ, ಕೋರ್ಟಿನ ಕಾಗದ, ಏನಿದ್ದರೂ ಹಗಲು ಬೆಳಕಿನಲ್ಲಿ ಎರಡೂ ಬದಿ ಫೋಟೋ ತೆಗೆಯಿರಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಹಳೆ ಕಾಗದವನ್ನೇ ತಿಂದುಹಾಕುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಆಮೇಲೆ ನಿಮ್ಮ ಹೊಲದ ಈಗಿನ ಪಹಣಿಯ ಸರ್ವೆ ನಂಬರ್ ಹಿಡಿದುಕೊಂಡು ತಹಶೀಲ್ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸು, ಅದಕ್ಕಿಂತ ಹಿಂದಿನದು ಕೈಬರಹದ್ದು. ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಬೇಕು: ಕೈಬರಹದ ಪಹಣಿ, ಹಕ್ಕು ಬದಲಾವಣೆಯ ರಿಜಿಸ್ಟರ್, ಅದರ ಹಿಂದೆ ನಿಜಾಮರ ಕಾಲದ ಸೇತ್ವಾರ್. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಕಡೆ ಅಳತೆ-ಬಂದೋಬಸ್ತು ನಡೆಯಿತು, ಸೇತ್ವಾರಿನಲ್ಲಿ ಸರ್ವೆ ನಂಬರಿನ ಎದುರಿಗೆ ಪಟ್ಟೇದಾರನ ಹೆಸರು ಇರುತ್ತದೆ. ಟಿಪ್ಪಣಿ (ಹೊಲದ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಬೇಕಾದರೆ ಭೂಮಾಪನ ಇಲಾಖೆಯ ಕಚೇರಿ. ಅರ್ಜಿ ಕೊಟ್ಟು, ಫೀ ಕಟ್ಟಿ, ದೃಢೀಕೃತ ನಕಲು ಕೇಳಿ. ‘ಹಳೇದು ಯಾವುದೂ ಇಲ್ಲ’ ಅನ್ನುವ ಮಾತು ಮೊದಲ ದಿನ ಎಲ್ಲರಿಗೂ ಸಿಗುವಂಥದ್ದು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅರ್ಜಿ ಮಾತ್ರ ಬರವಣಿಗೆಯಲ್ಲೇ ಇರಲಿ.

ವರ್ಷಗಳನ್ನು ನೋಡುವಾಗ ಹುಷಾರು. ಅವು ಫಸಲಿ, ಅಂದರೆ ನಿಜಾಮರ ಕಂದಾಯದ ಲೆಕ್ಕದ ವರ್ಷಗಳು. ಫಸಲಿಗೆ 590 ಇಲ್ಲವೇ 591 ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. ಫಸಲಿ 1267, 1268 ಅಂದರೆ ನಿಮಗೆ ಬೇಕಾದ 1858ರ ಕಾಲ. ತಿಂಗಳುಗಳೂ ಬೇರೆಯೇ, ಆಜರ್, ದೈ, ಬಹಮನ್ ಅಂತ. ದೇವಸ್ಥಾನದ ಕಲ್ಲಿನ ಮೇಲೋ ಹಳೆ ಪಂಚಾಂಗದ ಅಂಚಿನಲ್ಲೋ ಶಕ ವರ್ಷ ಇದ್ದರೆ 78 ಕೂಡಿಸಿ. ಬರೀ ಸಂವತ್ಸರದ ಹೆಸರು ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಕಾಳಯುಕ್ತಿ 1858ಕ್ಕೂ ಬರುತ್ತದೆ, 1918ಕ್ಕೂ ಬರುತ್ತದೆ.

ಈಗ ಸುರಪುರದ ಮಾತು. ಅಲ್ಲಿಯ ಕಾಗದಪತ್ರ ಒಂದೇ ಕಡೆ ಇಲ್ಲ, ಅದಕ್ಕೆ ಕಾರಣ ಅಲ್ಲಿಯ ಇತಿಹಾಸವೇ. ರಾಜಾ ವೆಂಕಟಪ್ಪ ನಾಯಕರು ಚಿಕ್ಕವರಿದ್ದಾಗ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ 1853ರ ತನಕ ಸಂಸ್ಥಾನದ ಉಸ್ತುವಾರಿ ನೋಡಿದ, ಅವನ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಸುರಪುರದ ಗುಡ್ಡದ ಮೇಲಿದೆ. 1858ರ ಫೆಬ್ರುವರಿಯಲ್ಲಿ ಲಡಾಯಿ ಆಯಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ, ರಾಜಾ ಹೈದರಾಬಾದಿಗೆ ಹೋದರು, ಅಲ್ಲಿ ಸಿಕ್ಕಿಬಿದ್ದರು. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆ ಅಂತ ಆಯಿತು, ಆದರೆ ಸೆರೆಗೆ ಒಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಅವರು ತೀರಿಕೊಂಡರು. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಆಮೇಲೆ ಅದು ಬಹಳ ಕಾಲ ಇದ್ದದ್ದು ಲಿಂಗಸುಗೂರು ಜಿಲ್ಲೆಯಲ್ಲಿ, ಆ ಜಿಲ್ಲೆಯನ್ನು 1905ರಲ್ಲಿ ಮುರಿದಾಗ ಸುರಪುರ, ಶಹಾಪುರ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೆ ಬಂದವು. ಯಾದಗಿರಿ ಜಿಲ್ಲೆ ಆದದ್ದಂತೂ ಮೊನ್ನೆ ಮೊನ್ನೆ. ಅಂದರೆ 1905ಕ್ಕಿಂತ ಹಿಂದಿನ ನಿಜಾಮ ಕಾಗದವನ್ನು ಗುಲಬರ್ಗಾ ಅಂತ ಕೇಳಿದರೆ ಸಿಗುವುದಿಲ್ಲ, ಲಿಂಗಸುಗೂರು ಅಂತ ಕೇಳಬೇಕು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಜನ ಬರಿಗೈಯಲ್ಲಿ ತಿರುಗಿ ಬಂದಿದ್ದಾರೆ.

ನಿಜಾಮ ಸರಕಾರದ ದೊಡ್ಡ ದಫ್ತರ ಇರುವುದು ಹೈದರಾಬಾದಿನ ತಾರ್ನಾಕಾದಲ್ಲಿ, ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ. 1858ರ ಲಡಾಯಿಯ ಇಂಗ್ಲಿಷ್ ಪತ್ರವ್ಯವಹಾರಕ್ಕೆ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರ, ವಿದೇಶಾಂಗ ಇಲಾಖೆಯ ಕಡತಗಳು. ಅದರ ‘ಅಭಿಲೇಖ ಪಟಲ್’ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು, ಆದರೆ ಸುರಪುರ ಅಂತ ಅಲ್ಲ, ಇಂಗ್ಲಿಷರು ಬರೆಯುತ್ತಿದ್ದಂತೆ ‘ಶೋರಾಪುರ’ ಅಂತ ಟೈಪ್ ಮಾಡಿ. ಟೇಲರ್‌ನ ಆತ್ಮಕಥೆಯೂ ಇದೆ, ಅವನು ಸತ್ತ ಮರುವರ್ಷ 1877ರಲ್ಲಿ ಅಚ್ಚಾಯಿತು. ಆ ಕಾಲದ ಸುರಪುರ ಹೇಗಿತ್ತು ಅಂತ ತಿಳಿಯಲು ಓದಿ, ನಿಮ್ಮ ಹಿರಿಯನ ಹೆಸರಿಗೆ ಅಂತ ಬೇಡ. ಸಾಹೇಬರು ರಾಜನ ಬಗ್ಗೆ, ರಾಣಿಯ ಬಗ್ಗೆ, ದಿವಾನರ ಬಗ್ಗೆ ಬರೆದರು. ಹತ್ತು ಜನರ ಮೇಲಿದ್ದ ಜಮಾದಾರನ ಹೆಸರು ಅಂಥ ಕಾಗದದಲ್ಲಿ ಬರುವುದು ತೀರಾ ಅಪರೂಪ. ನಿಮ್ಮ ಮನೆಗೆ ಇನಾಮು ಹೊಲ ಇತ್ತು ಅನ್ನುವ ಮಾತು ಇದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಇನಾಮಿನ ವಿಚಾರಣೆ ನಡೆದಾಗ ‘ಮುಂತಖಬ್’ ಅನ್ನುವ ಆದೇಶ ಪತ್ರ ಕೊಡುತ್ತಿದ್ದರು, ಇನಾಮುದಾರ ತೀರಿಕೊಂಡಾಗ ‘ವಿರಾಸತ್’ ವಿಚಾರಣೆ ಆಗುತ್ತಿತ್ತು. ಆ ಕಡತದಲ್ಲಿ ವಂಶಾವಳಿಯನ್ನೇ ಬರೆಸಿಕೊಂಡಿರುತ್ತಾರೆ, ಮೂರು-ನಾಲ್ಕು ತಲೆಮಾರು ಒಂದೇ ಹಾಳೆಯಲ್ಲಿ ಸಿಕ್ಕಿಬಿಡುತ್ತದೆ.

ಓದುವುದು ಯಾರು ಅನ್ನುತ್ತೀರಾ? ಸರಕಾರದ ಮೇಲಿನ ಹಂತದ ಕಾಗದ 1880ರ ದಶಕದ ತನಕ ಪಾರ್ಸಿ, ಆಮೇಲೆ ಉರ್ದು, ಅದೂ ಗೀಚು ಬರಹ. ಕಲಬುರಗಿಯಲ್ಲಿ ರಿಟೈರ್ ಆದ ಉರ್ದು ಮಾಸ್ತರರು ಬೇಕಾದಷ್ಟು ಇದ್ದಾರೆ, ಹಳೆ ವಕೀಲರ ಗುಮಾಸ್ತರೂ ಓದುತ್ತಾರೆ. ಒಬ್ಬರಿಂದಲೇ ಓದಿಸಬೇಡಿ. ಹೆಸರುಗಳ ವಿಷಯದಲ್ಲಿ ಚುಕ್ಕಿ ಒಂದು ಆಚೀಚೆ ಆದರೂ ಮನುಷ್ಯನೇ ಬದಲಾಗುತ್ತಾನೆ.

ಪ್ರಶ್ನೆ: ನಾವು ಬೀದರ್ ಜಿಲ್ಲೆ ಬಸವಕಲ್ಯಾಣದ ಕಡೆಯವರು. ನಮ್ಮ ಅಡ್ಡಹೆಸರು ಮಾಲಿಪಾಟೀಲ. ದಾಯಾದಿಗಳು ಪೊಲೀಸಪಾಟೀಲ ಅಂತ ಬರೆಯುತ್ತಾರೆ. ಮೂರನೇ ಮನೆಯವರು ಬರೀ ಊರಿನ ಹೆಸರು ಹಚ್ಚಿಕೊಂಡಿದ್ದಾರೆ. ಮನೆದೇವರು ಒಂದೇ, ಸೂತಕ ಒಂದೇ. ಯಾರ ಹೆಸರು ಖರೆ? ನಾವು ಮೊದಲು ತೋಟಗಾರರು ಅಂತ ಒಬ್ಬರು ಹೇಳಿದರು, ಹೌದಾ?

ಉತ್ತರ: ಮೂರೂ ಖರೆ, ತೋಟಗಾರರು ಅನ್ನುವುದೊಂದೇ ಸುಳ್ಳು. ಮಾಲ್ ಅಂದರೆ ಕಂದಾಯ. ನಿಜಾಮರ ಹಳ್ಳಿಗಳಲ್ಲಿ ಇಬ್ಬರು ಪಾಟೀಲರು ಇರುತ್ತಿದ್ದರು. ಕಂದಾಯ ವಸೂಲಿ ಮಾಡುವವನು ಮಾಲಿ ಪಾಟೀಲ, ಕಳವು-ಜಗಳ, ಪಂಚನಾಮೆ ನೋಡುವವನು ಪೊಲೀಸ ಪಾಟೀಲ. ಲೆಕ್ಕ ಬರೆಯುವವನು ಪಟವಾರಿ, ಅಂದರೆ ಕುಲಕರ್ಣಿ. ಹುದ್ದೆ ಮನೆತನಕ್ಕೆ ಸೇರಿದ ವತನು, ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ಜೊತೆ ಹುದ್ದೆಯನ್ನೂ ಹಂಚಿಕೊಂಡರು. ಒಬ್ಬನ ಪಾಲಿಗೆ ಮಾಲಿ, ಒಬ್ಬನ ಪಾಲಿಗೆ ಪೊಲೀಸ. ಮೂರನೆಯವನಿಗೆ ಹುದ್ದೆ ಇಲ್ಲ. ಅವನ ಮಕ್ಕಳು ಬೇರೆ ಕಡೆ ಹೋದ ಮೇಲೆ ಅಲ್ಲಿಯ ಜನ ಬಂದ ಊರಿನ ಹೆಸರಿನಿಂದ ಕರೆದರು. ಬೀದರ್ ಕಡೆ ಮರಾಠಿಯ ರೂಢಿಯಂತೆ ಊರಿಗೆ ‘ಕರ್’ ಹಚ್ಚುವುದೂ ಉಂಟು. 1961ರ ಕಾಯ್ದೆಯಿಂದ ಈ ವಂಶಪಾರಂಪರ್ಯದ ಹುದ್ದೆಗಳೇ ಹೋದವು, ಹೆಸರು ಮಾತ್ರ ಆಧಾರ್ ಕಾರ್ಡಿನ ತನಕ ಬಂತು.

ನಿಮ್ಮ ಅದೃಷ್ಟ ಚೆನ್ನಾಗಿದೆ. ವತನು ಇದ್ದ ಮನೆತನ ಹುಡುಕುವುದು ಸುಲಭ, ಯಾಕಂದರೆ ಪಾಟೀಲ ಸತ್ತ ಕೂಡಲೇ ಮುಂದಿನ ಪಾಟೀಲ ಯಾರು ಅಂತ ಸರಕಾರ ಬರೆದಿಡಲೇಬೇಕಿತ್ತು. ಮೇಲೆ ಹೇಳಿದ ವಿರಾಸತ್ ಕಡತ ನಿಮ್ಮ ವಿಷಯದಲ್ಲಿ ಇರುವ ಸಾಧ್ಯತೆ ಜಾಸ್ತಿ. ಆದರೆ ಒಂದು ತೊಡಕಿದೆ. ಕಲ್ಯಾಣ ನವಾಬರ ಜಾಗೀರು, ಚಿಟಗುಪ್ಪಾ ಕಡೆ ಪಾಯಿಗಾ, ಅಂದರೆ ನಿಜಾಮರ ದೊಡ್ಡ ಅಮೀರ ಮನೆತನದ ಜಾಗೀರು. ಜಾಗೀರು ಹಳ್ಳಿಯ ಲೆಕ್ಕ ಜಾಗೀರುದಾರರ ಕಚೇರಿಯಲ್ಲಿ ಇರುತ್ತಿತ್ತು, ಸರಕಾರಿ ತಹಶೀಲಿನಲ್ಲಿ ಅಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. ಹಾಗಾಗಿ ಮೊದಲು ನಿಮ್ಮ ಹಳ್ಳಿ ದಿವಾನಿಯೋ, ಅಂದರೆ ನೇರ ಸರಕಾರದ್ದೋ, ಜಾಗೀರಿನದೋ, ಪಾಯಿಗಾದ್ದೋ ಕೇಳಿ ತಿಳಿದುಕೊಳ್ಳಿ. ಊರಿನ ಹಿರಿಯರು ಇದನ್ನು ತಪ್ಪದೆ ಹೇಳುತ್ತಾರೆ, ಕಂದಾಯ ಯಾರಿಗೆ ಕಟ್ಟಿದೆವು ಅನ್ನುವುದನ್ನು ರೈತ ಮರೆಯುವುದಿಲ್ಲ. ಇನ್ನೊಂದು, ಬೀಗರು-ಬಿಜ್ಜರ ಊರು ಗಡಿಯಾಚೆ ಇದ್ದರೆ: 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಹರಿದು ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಈಗ ಮಹಾರಾಷ್ಟ್ರದಲ್ಲಿ, ಜಹೀರಾಬಾದ್, ನಾರಾಯಣಖೇಡ ತೆಲಂಗಾಣದಲ್ಲಿ. ಕಲಬುರಗಿಯದೂ ಅಷ್ಟೇ, ಕೊಡಂಗಲ್, ತಾಂಡೂರು ಆ ಕಡೆ ಹೋದವು. ಹಳ್ಳಿಯ ಜೊತೆ ದಫ್ತರವೂ ಹೋಗಿರಬಹುದು.

ಬೀದರಿನ ಪಟವಾರಿ ಲೆಕ್ಕ ಮೋಡಿ ಲಿಪಿಯಲ್ಲಿ ಇದ್ದರೆ ಹೌಹಾರಬೇಡಿ. ಭಾಷೆ ಮರಾಠಿ, ಬರಹ ಸರಪಳಿಯ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ಮಹಾರಾಷ್ಟ್ರದಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತವೆ, ಓದಿಕೊಡುವವರೂ ಇದ್ದಾರೆ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಪಹಣಿ, ಇನಾಮು ಇದೆಲ್ಲ ಹೊಲ ಇದ್ದವರ ಮಾತಾಯಿತು. ನಮ್ಮ ಹಿರಿಯರು ಕೂಲಿ ಮಾಡಿದವರು. ನಮ್ಮ ಆಯಿಯ (ಅಜ್ಜಿಯ) ಆಯಿ ‘ಬರದಾಗ’ ಮಕ್ಕಳನ್ನು ಕಟ್ಟಿಕೊಂಡು ಬಂದಳಂತೆ. ಅಷ್ಟೇ ಗೊತ್ತು. ನಮಗೇನೂ ಸಿಗುವುದಿಲ್ಲ ಅನ್ನಿ?

ಉತ್ತರ: ಕಮ್ಮಿ ಸಿಗುತ್ತದೆ, ಅದು ನಿಜ. ಸರಕಾರ ಬರೆದಿಟ್ಟದ್ದು ಕಂದಾಯ ಕಟ್ಟುವವರನ್ನು, ದುಡಿದವರನ್ನಲ್ಲ. ಜನಗಣತಿಯೂ ನಿಮಗೆ ನೆರವಾಗದು, 1881ರಿಂದ ಇಲ್ಲಿ ಗಣತಿ ನಡೆದರೂ ಅಚ್ಚಾಗಿ ಉಳಿದದ್ದು ಅಂಕಿಗಳು, ಮನೆ ಮನೆಯ ಹೆಸರುಗಳಲ್ಲ. ಆದರೂ ಕೆಲವು ದಾರಿಗಳಿವೆ.

ಬರ ಅನ್ನುವುದೇ ಒಳ್ಳೆ ಸುಳಿವು. ಮನೆಯಲ್ಲಿ ಯಾರಾದರೂ ‘ಧಾತು ಬರ’ ಅಂತ ಹೇಳಿದ ನೆನಪಿದೆಯಾ ಕೇಳಿ. ಧಾತು ಸಂವತ್ಸರ ಅಂದರೆ 1876-77, ಅದರ ಮುಂದಿನದು ಈಶ್ವರ. ಆ ಎರಡು ವರ್ಷದ ಬರಗಾಲಕ್ಕೆ ನಮ್ಮ ಭಾಗದ ಹಳ್ಳಿಗಳು ಖಾಲಿಯಾದವು. ಆದರೆ ನಿಮ್ಮ ಆಯಿಯ ಆಯಿ ಅಂದರೆ ಕಾಲ ಸ್ವಲ್ಪ ಈಚೆಗೂ ಬರಬಹುದು, ನಿಮ್ಮ ವಯಸ್ಸು ಬರೆದಿಲ್ಲ, ಹಾಗಾಗಿ ಮೇಲಿನ ತಲೆಮಾರಿನ ಲೆಕ್ಕವನ್ನು ನೀವೇ ಹಾಕಿ ನೋಡಿ. ಜನ ಎಲ್ಲಿಗೆ ಹೋದರು ಅಂದರೆ ರೈಲು ಹೋದ ಕಡೆ. ಸೊಲ್ಲಾಪುರದಿಂದ ಕಲಬುರಗಿ, ವಾಡಿ, ಯಾದಗಿರಿ ಮೇಲೆ ರಾಯಚೂರಿಗೆ 1871ರಲ್ಲಿ ರೈಲು ಬಂತು, ವಾಡಿಯಿಂದ ಹೈದರಾಬಾದಿಗೆ 1874ರಲ್ಲಿ. ಹಳಿ ಹಾಕುವ ಕೆಲಸ, ಶಹಾಬಾದಿನ ಕಲ್ಲುಗಣಿ, ಸೊಲ್ಲಾಪುರದ ಗಿರಣಿ, ಕಲಬುರಗಿಯ ಎಂಎಸ್‌ಕೆ ಮಿಲ್ಲು, ಕೂಲಿ ಹುಡುಕಿಕೊಂಡು ಹೋದವರು ಇಲ್ಲೆಲ್ಲ ನಿಂತರು. ನಿಮ್ಮ ಮನೆಯ ಕಥೆಯಲ್ಲಿ ಇವುಗಳಲ್ಲಿ ಯಾವುದಾದರೂ ಬರುತ್ತದಾ ನೋಡಿ.

ಎರಡನೆಯದು ಮನೆದೇವರು. ಇದಕ್ಕೆ ನಾನು ಕಾಗದಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮನೆ ಬಿಡುತ್ತಾರೆ, ಮನೆದೇವರನ್ನು ಬಿಡುವುದು ಕಮ್ಮಿ. ಯಾದಗಿರಿಯಲ್ಲಿ ಇದ್ದುಕೊಂಡು ಪಕ್ಕದ ಮೈಲಾಪುರದ ಮಲ್ಲಯ್ಯನಿಗೆ ನಡೆದುಕೊಳ್ಳದೆ ಭಾಲ್ಕಿ ಕಡೆಯ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹೋಗುತ್ತೀರಿ ಅಂದರೆ, ಇಲ್ಲವೇ ಘತ್ತರಗಿ ಭಾಗಮ್ಮನಿಗೆ, ಸನ್ನತಿ ಚಂದ್ರಲಾಂಬೆಗೆ, ರಟಕಲ್ ರೇವಣಸಿದ್ಧೇಶ್ವರನಿಗೆ ಹೋಗುತ್ತೀರಿ ಅಂದರೆ, ಹುಡುಕಾಟವನ್ನು ಆ ದೇವರ ಸುತ್ತಲಿನ ಹಳ್ಳಿಗಳಿಂದ ಶುರು ಮಾಡಿ. ಜಾತ್ರೆಗೆ ಹೋದಾಗ ನಿಮ್ಮದೇ ಬೆಡಗಿನವರು ಯಾರು ಯಾವ ಊರಿಂದ ಬರುತ್ತಾರೆ ಅಂತ ಪೂಜಾರಿಗಳನ್ನು ಕೇಳಿ, ಅವರ ಹತ್ತಿರ ಲೆಕ್ಕ ಇರುತ್ತದೆ.

ಹಳ್ಳಿಯ ಕೆಲಸದಲ್ಲಿ ಇದ್ದವರಾದರೆ, ತಳವಾರಿಕೆ, ಓಲೆಕಾರಿಕೆ ಥರದ್ದು, ಸೇತಸಿಂಧಿ ಅಂತ ನಿಜಾಮರ ಕಾಗದದಲ್ಲಿ ಹೆಸರು ಇರಬಹುದು, ಅವರಿಗೂ ಸಣ್ಣ ಇನಾಮು ಹೊಲ ಇರುತ್ತಿತ್ತು. ಕ್ರೈಸ್ತ ಮನೆತನವಾದರೆ ಮೆಥಡಿಸ್ಟ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಕೇಳಿ. ಅದರಲ್ಲಿ ತಾಯಿಯ ಹೆಸರೂ ಬರೆಯುತ್ತಾರೆ, ಕಂದಾಯದ ಕಾಗದದಲ್ಲಿ ಹೆಂಗಸರ ಹೆಸರು ಕಾಣುವುದು ಗಂಡ ಸತ್ತ ಮೇಲೆ ಮಾತ್ರ, ‘ಇಂಥವಳು ಜೌಜೆ ಇಂಥವನು’ ಅಂತ. ಹಳೆ ಪುಟದಲ್ಲಿ ‘ಜೌಜೆ’ ಕಂಡರೆ ಅಲ್ಲಿ ನಿಂತು ಓದಿ, ಅದು ಹೆಂಡತಿಯ ಹೆಸರು. ಆಯಿಯರನ್ನು ಹುಡುಕುವವರಿಗೆ ಇಂಥ ಸಾಲುಗಳೇ ಆಸರೆ.

ಪ್ರಶ್ನೆ: ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸಿ ನಮ್ಮ ಮನೆತನದ ಹೆಸರುಗಳನ್ನು ಸರಸರ ಹೇಳುತ್ತಾರೆ. ಅದನ್ನು ನಂಬಬಹುದಾ? (ಅಫಜಲಪುರ)

ಉತ್ತರ: ಈಚಿನ ಐದಾರು ತಲೆಮಾರಿನ ಮಟ್ಟಿಗೆ ಧಾರಾಳವಾಗಿ ನಂಬಿ, ಆದರೆ ಒರೆ ಹಚ್ಚಿ. ಹೆಳವರಿಗೆ ಇದು ಕುಲಕಸುಬು, ಇಂಥ ಮನೆಗಳು ಇಂಥ ಹೆಳವರಿಗೆ ಅಂತ ಹಂಚಿಕೆ ಇರುತ್ತದೆ, ಮಗು ಹುಟ್ಟಿದ್ದು, ಊರು ಬಿಟ್ಟದ್ದು ಎಲ್ಲ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗಿ ಯಾವ ಊರಿಗೆ ಹೋದರು ಅನ್ನುವುದು ತಹಶೀಲಿನಲ್ಲಿ ಸಿಗದು, ಇವರ ಹತ್ತಿರ ಸಿಗುತ್ತದೆ. ಅದಕ್ಕಿಂತ ಮೇಲೆ ಹೋದಾಗ ಕಥೆ ಕೈಲಾಸಕ್ಕೋ ಕಲ್ಯಾಣದ ಶರಣರ ಹತ್ತಿರಕ್ಕೋ ಹೋಗುತ್ತದೆ, ಆ ಭಾಗವನ್ನು ಕೇಳಿ ಸಂತೋಷಪಡಿ, ವಂಶವೃಕ್ಷದಲ್ಲಿ ಬರೆಯಬೇಡಿ. ಹೇಳುವಾಗ ಅಪ್ಪಣೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಪುಸ್ತಕದ ನಿಮ್ಮ ಪುಟದ ಫೋಟೋ ಕೇಳಿ. ಕೆಲವರು ಒಲ್ಲೆ ಅನ್ನುತ್ತಾರೆ, ಅದು ಅವರ ಹೊಟ್ಟೆಪಾಡು, ಒತ್ತಾಯ ಮಾಡಬೇಡಿ. ಮತ್ತೆ ಕಾಳು ಕೊಡುವಾಗ ಜಿಪುಣತನ ಬೇಡ.

ಕಾಶಿ, ಗಯಾ, ನಾಸಿಕ್, ತ್ರ್ಯಂಬಕೇಶ್ವರದ ಪಂಡಾಗಳ, ಅಂದರೆ ಅಲ್ಲಿಯ ತೀರ್ಥಪುರೋಹಿತರ ಪುಸ್ತಕಗಳೂ ಇಂಥವೇ. ನಿಮ್ಮ ಹಿರಿಯರು ಅಲ್ಲಿಗೆ ಹೋಗಿದ್ದರೆ ಸಹಿ ಸಿಕ್ಕರೂ ಸಿಗಬಹುದು. ಅಲ್ಲಿಯೂ ಕೇಳುವುದು ಊರು ಯಾವುದು ಅಂತಲೇ.

ಪ್ರಶ್ನೆ: ಉಗುಳು ಕಳಿಸಿದರೆ ವಂಶ ಹೇಳುತ್ತೇವೆ ಅನ್ನುವ ಡಿಎನ್‌ಎ ಕಂಪನಿಗಳಿವೆ. ಅಡ್ಡಹೆಸರಿನ ಮೂಲ ಅದರಿಂದ ಗೊತ್ತಾಗುತ್ತದಾ? (ಹುಮನಾಬಾದ್)

ಉತ್ತರ: ಇಲ್ಲ. ಉಗುಳಿನಲ್ಲಿ ಅಡ್ಡಹೆಸರು ಇರುವುದಿಲ್ಲ. ಇನ್ನೊಬ್ಬರು ಅದೇ ಕಂಪನಿಗೆ ಉಗುಳು ಕಳಿಸಿದ್ದರೆ ಅವರು ನಿಮಗೆ ದೂರದ ಸಂಬಂಧಿಯೋ ಅಲ್ಲವೋ ಅಂತ ಹೇಳಬಹುದು, ನಮ್ಮ ಭಾಗದವರು ಅಲ್ಲಿ ಎಷ್ಟು ಜನ ಇದ್ದಾರು? ಆ ದುಡ್ಡಿನಲ್ಲಿ ಹೈದರಾಬಾದಿಗೆ ಹೋಗಿ ತಾರ್ನಾಕಾದಲ್ಲಿ ಎರಡು ದಿನ ಕೂತು ಬನ್ನಿ, ಹೋಗುವ ಮುಂಚೆ ಹಳ್ಳಿಯ ಹೆಸರು, ಆಗಿನ ತಾಲ್ಲೂಕು, ಆಗಿನ ಜಿಲ್ಲೆ, ಫಸಲಿ ವರ್ಷ ಇಷ್ಟನ್ನು ಒಂದು ಚೀಟಿಯಲ್ಲಿ ಉರ್ದುವಿನಲ್ಲೂ ಬರೆಸಿಕೊಂಡು ಹೋಗಿ.